ಬ್ರೇಕ್ ತಟ್ಟೆಯ ಕುಂಕುಮ

ಹುಣಸಮಾರನಹಳ್ಳಿಯ ಸೊಣ್ಣಮ್ಮನ ಮನೆಯಲ್ಲಿ ಗಾಲಿಯಿರುವ ಯಾವ ವಸ್ತುವೂ ಬೊಟ್ಟಿಲ್ಲದೆ ಶುಕ್ರವಾರ ಕಳೆದದ್ದಿಲ್ಲ. ಒಂದು ಕಾಲಕ್ಕೆ ಎತ್ತಿನ ಗಾಡಿ, ಆಮೇಲೆ ಮಗ ಜಗನ್‌ನ ಸ್ಕೂಟರು, ಈಗ ಮೊಮ್ಮಗಳು ಧನುಶ್ರೀಯ ಮೌಂಟನ್ ಬೈಕು. ಆ ಸೈಕಲ್ಲಿನ ಒಂದೊಂದು ಗಾಲಿಯ ನಡುವೆಯೂ ತೂತುತೂತಾದ ಉಕ್ಕಿನ ತಟ್ಟೆಯೊಂದು ಹೊಳೆಯುತ್ತಿತ್ತು. ಡಿಸ್ಕ್ ಬ್ರೇಕ್ ಅಂತೆ. ಸೊಣ್ಣಮ್ಮನ ಕಣ್ಣಿಗೆ ಅದು ಸ್ವಾಮಿಯ ಬೆರಳ ಮೇಲಿನ ಚಕ್ರವೇ. ಬೊಟ್ಟಿಡಲು ಇನ್ನೆಂಥ ಜಾಗ ಬೇಕು? ಸಂಜೆ ದೀಪ ಹಚ್ಚಿದ ಮೇಲೆ, ಎಳ್ಳೆಣ್ಣೆಯಲ್ಲಿ ಕುಂಕುಮ ಕಲಸಿ ಮುಂದೊಂದು ಹಿಂದೊಂದು ಇಟ್ಟು, "ಮಗೀನ ಕಾಯಪ್ಪಾ" ಎಂದು ಕೈಮುಗಿದು ಬರುತ್ತಿದ್ದಳು.

ಶನಿವಾರ ಮಬ್ಬುಗತ್ತಲಲ್ಲೇ ಧನುಶ್ರೀ ಹೊರಟರೆ, ಬೀದಿಯ ತಿರುವಿನಲ್ಲಿ ಬ್ರೇಕು ಕಿರ್ರೆಂದು ಅರಚಿದ ಅರಚಾಟಕ್ಕೆ ಮಲಗಿದ್ದ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು. ವಾರದ ನಡುವೆ ಸದ್ದು ತುಸು ತಗ್ಗುವುದು. ಮತ್ತೆ ಶನಿವಾರ ಅದೇ ಗೋಳು. ಜಗನ್ ಬೋಲ್ಟು ಬಿಗಿ ಮಾಡಿದ, ಸೋಪುನೀರಲ್ಲಿ ತೊಳೆದ. ಕೊನೆಗೆ ಸಾಕಾಗಿ ಮಗಳಿಗೆ ಹೇಳಿಬಿಟ್ಟ:

"ಭಾನುವಾರ ನಂದಿ ಬೆಟ್ಟ ಅಂತ ಕುಣೀತಿದ್ದೀಯಲ್ಲ, ಈ ಸದ್ದು ನಿಲ್ದೆ ಬೆಟ್ಟಾನೂ ಇಲ್ಲ ಗಿಟ್ಟಾನೂ ಇಲ್ಲ. ಇಳಿಯೋವಾಗ ಬ್ರೇಕ್ ಕೈಕೊಟ್ರೆ ಯಾರಮ್ಮಾ ಹಿಡ್ಕೊಳೋದು?"

ವರ್ಷದಿಂದ ಆ ಬೆಟ್ಟದ್ದೇ ಜಪ ಮಾಡುತ್ತಿದ್ದ ಹುಡುಗಿಯ ಮುಖ ಬಾಡಿತು. ಸೊಣ್ಣಮ್ಮನಿಗೆ ದಿಕ್ಕೇ ತೋಚಲಿಲ್ಲ. ಇಷ್ಟು ಬೇಡಿಕೊಂಡರೂ ಸ್ವಾಮಿ ಯಾಕೆ ಕೇಳಿಸಿಕೊಳ್ಳುತ್ತಿಲ್ಲ? ಬೊಟ್ಟು ಸಣ್ಣದಾಯಿತೋ ಏನೋ. ಆ ಶುಕ್ರವಾರ ಕಾಸಗಲ ಇಟ್ಟಳು. ಮರುದಿನ ಬ್ರೇಕು ಪಕ್ಕದ ಬೀದಿಗೂ ಕೇಳುವಂತೆ ಕೂಗಿತು.

ಅವತ್ತೇ ಅಜ್ಜಿ ಮೊಮ್ಮಗಳಿಬ್ಬರೂ ಬಸ್‌ಸ್ಟಾಪಿನ ಹತ್ತಿರವಿದ್ದ ಖಾದರ್ ಬಾಷಾನ ಸೈಕಲ್ ಅಂಗಡಿಗೆ ಹೋದರು. ಅವನು ಗಾಲಿ ಬಿಚ್ಚಿ, ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡುಗಳನ್ನು ಹೊರತೆಗೆದ.

"ಇದ್ಯಾಕಮ್ಮಾ ಇಷ್ಟು ಕೆಂಪಗೈತೆ?"

"ಕೆಮ್ಮಣ್ಣು ಅಂಕಲ್. ಕೆರೆ ದಾರೀಲಿ ಓಡಿಸ್ತೀನಲ್ಲ," ಎಂದಳು ಧನುಶ್ರೀ.

ಬಾಷಾ ಪ್ಯಾಡನ್ನು ಮೂಗಿಗೆ ಹಿಡಿದ. ಹುಬ್ಬು ಗಂಟಾಯಿತು. ಮತ್ತೊಮ್ಮೆ ಮೂಸಿದ. "ಯಾವ ಕೆರೆ ಮಣ್ಣಮ್ಮ ಇದು, ಎಳ್ಳೆಣ್ಣೆ ವಾಸ್ನೆ ಹೊಡೀತದೆ?"

ಸೊಣ್ಣಮ್ಮ ಸೆರಗಿನ ತುದಿ ಹಿಡಿದು ನಿಂತಳು. ಬೆಟ್ಟಕ್ಕೆಂದು ಸಂಜೆ ಇನ್ನೂ ಒಂದು ದೊಡ್ಡ ಬೊಟ್ಟಿಡಬೇಕೆಂದು ಅವಳ ಮನಸ್ಸಿನಲ್ಲಿತ್ತು. ಸುಮ್ಮನಿರಲಾಗಲಿಲ್ಲ.

"ನಾನೇ ಕಣೋ ಬಾಷಾ ಇಟ್ಟಿದ್ದು. ಮಗೀನ ಕಾಯ್ಲಿ ಅಂತ. ಅದೆಂಗೆ ಕೇಡಾಯ್ತದೆ? ಗಾಡಿ ಗಾಲಿ ಕಿರುಗುಟ್ಟಿದ್ರೆ ಎಣ್ಣೇನೇ ಅಲ್ವಾ ಆಕ್ತಿದ್ದಿದ್ದು?"

"ಅವ್ವಾ, ಗಾಡೀಲಿ ಎಣ್ಣೆ ಬಿದ್ರೆ ಸದ್ದು ಹೋಗ್ತದೆ. ಇಲ್ಲಿ ಬಿದ್ರೆ ಸದ್ದು ಬರ್ತದೆ. ಈ ಪ್ಯಾಡು ತಟ್ಟೇನ ಗಟ್ಟಿಯಾಗಿ ಹಿಡೀಬೇಕು. ಜಾರಿದ್ರೆ ಅರಚ್ಕೊಂತದೆ, ಬ್ರೇಕೂ ಹಿಡಿಯಲ್ಲ."

"ಅಜ್ಜೀ!" ಧನುಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಎಷ್ಟ್ ದಿನದಿಂದ ಮೊಬೈಲ್‌ನಲ್ಲಿ ಹುಡುಕ್ತಾ ಇದೀನಿ ಗೊತ್ತಾ?"

"ಮೊಬೈಲ್ ಬಿಟ್ಟು ದೇವ್ರ್ ಮನೇಲಿ ಹುಡುಕ್ಬೇಕಿತ್ತು," ಎಂದು ಬಾಷಾ ನಕ್ಕ.

ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದು ಹೊಸದನ್ನು ಕೂರಿಸಿದ. ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಹುಡುಗಿ ಅಂಗಡಿ ಮುಂದೆ ಓಡಿಸಿ, ಬ್ರೇಕು ಹಿಡಿದು ಬಿಟ್ಟು ನೋಡಿದಳು. ಸದ್ದಿಲ್ಲ.

"ಮತ್ತೆ ಬೊಟ್ಟೆಲ್ಲಿಡ್ಲಿ?" ಸೊಣ್ಣಮ್ಮ ಮೆಲ್ಲಗೆ ಕೇಳಿದಳು.

ಬಾಷಾ ಸೈಕಲ್ಲನ್ನು ಒಂದು ಸುತ್ತು ನೋಡಿ, ಹ್ಯಾಂಡಲ್ಲಿನ ನಡುವೆ ಬೆರಳಿಟ್ಟು ತೋರಿಸಿದ. "ಇಲ್ಲಿ ಇಡವ್ವ. ಗಾಲಿ ತಂಟೆಗೆ ಮಾತ್ರ ಹೋಗ್ಬೇಡ."

ಸಂಜೆ ಜಗನ್ ತಾನೇ ಓಡಿಸಿ ನೋಡಿ ಒಪ್ಪಿದ. ಭಾನುವಾರ ಬೆಳಗ್ಗೆ ಸೊಣ್ಣಮ್ಮ ಹ್ಯಾಂಡಲ್ಲಿಗೆ ಬೊಟ್ಟಿಟ್ಟು ಕಳಿಸಿದಳು. ಬಿಸಿಲೇರಿತು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಬೀದಿಯ ಕಡೆಗೇ ಕಿವಿಯಿಟ್ಟಿದ್ದಳು. ಇಷ್ಟು ದಿನ ಮಗು ಮನೆಗೆ ಬಂತೆಂದು ಮೊದಲು ತಿಳಿಸುತ್ತಿದ್ದುದೇ ಆ ಅರಚಾಟ. ಈಗ ಅದೂ ಇಲ್ಲ. ಮರದ ಕಾಗೆ, ಮೇಲೆ ಹೋದ ವಿಮಾನ, ಎಲ್ಲ ಕೇಳಿಸಿತು. ಅದೊಂದು ಬಿಟ್ಟು. ಆ ಸದ್ದು ನಿಲ್ಲಲೆಂದು ಬೇಡಿದವಳೂ ತಾನೇ, ಈಗ ಅದಕ್ಕೇ ಕಾಯುತ್ತಿರುವವಳೂ ತಾನೇ? ಯೋಚಿಸಿದಷ್ಟೂ ಸಿಕ್ಕಾಯಿತು.

"ಅಜ್ಜಿ, ನೀರು ಕೊಡು."

ಬೆಚ್ಚಿ ತಿರುಗಿದಳು. ಮೈಯೆಲ್ಲ ಬೆವರಾಗಿ, ಧೂಳು ಮೆತ್ತಿಕೊಂಡು, ಹುಡುಗಿ ಪಕ್ಕದಲ್ಲೇ ನಿಂತಿದ್ದಳು.

"ಯಾವಾಗ್ ಬಂದ್ಯೇ? ಸದ್ದೇ ಇಲ್ಲ!"

ಕಣ್ಣಾರೆ ಕಂಡರೂ ನಂಬಿಕೆ ಬರದೆ, ಸೊಣ್ಣಮ್ಮ ಎಲ್ಲಾದರೂ ತರಚಿದೆಯೋ ಎಂದು ಅವಳ ಮೊಣಕೈ ಹಿಡಿದು ನೋಡಿದಳು.