ಮೇಜು ಮುಟ್ಟದ ಕ್ಲಾವರ್ ರಾಜ

೧.

೨೦೨೨ರ ಮಾರ್ಚ್ ೧೩, ಭಾನುವಾರ, ಬೆಳಿಗ್ಗೆ ೧೧ ಗಂಟೆ ೪೨ ನಿಮಿಷ.

ಹೀಗೆ ಶುರು ಮಾಡಿದರೆ ಅಪಘಾತದ ವರದಿ ಓದಿದಂತಾಗುತ್ತದೆ ಅಂತ ಗೊತ್ತು. ಬೇರೆ ಥರ ಮಾಡಿ ನೋಡಿದೆ. ಮೊದಲ ಕರಡಿನಲ್ಲಿ ಬ್ರಿಡ್ಜ್ ಆಟದ ನಿಯಮಗಳನ್ನೇ ನಾಲ್ಕು ಪುಟ ವಿವರಿಸಿದ್ದೆ. ಮೂರನೇ ಪುಟಕ್ಕೆ ನನಗೇ ತೂಕಡಿಕೆ ಬಂತು. ಎರಡನೇ ಕರಡಿನಲ್ಲಿ ಕ್ಲಬ್ಬಿನ ಕಿಟಕಿಯಿಂದ ಬೀಳುವ ಬಿಸಿಲನ್ನು ಒಂದೂವರೆ ಪುಟ ವರ್ಣಿಸಿದೆ. ಆ ಕೋಣೆಗೆ ಕಿಟಕಿಯೇ ಇಲ್ಲ ಅಂತ ಆಮೇಲೆ ನೆನಪಾಯಿತು. ಹಾಗಾಗಿ ವರದಿಯೇ ಇರಲಿ.

೨.

ಹಸಿರು ಬಟ್ಟೆ ಹೊದಿಸಿದ ಮೇಜು, ನಾಲ್ಕು ಕುರ್ಚಿ. ಒಂದರಲ್ಲಿ ಇನ್‌ಸ್ಪೆಕ್ಟರ್. ಪೊಲೀಸ್ ಅಲ್ಲ, ತೂಕ ಮತ್ತು ಅಳತೆ ಇಲಾಖೆಯವನು. ಅಂಗಡಿಗಳ ತಕ್ಕಡಿ ತಪಾಸಣೆ ಮಾಡುವುದು ಕೆಲಸ. ತಕ್ಕಡಿಯನ್ನು ತನ್ನ ತೂಕದ ಬಟ್ಟುಗಳಿಂದ ಪರೀಕ್ಷಿಸಿ, ಆಮೇಲೆ ಆ ಬಟ್ಟುಗಳನ್ನೂ ಪರೀಕ್ಷಿಸಿ, ಮನೆಗೆ ಹೋದ ಮೇಲೆ ಗೇಟಿಗೆ ಬೀಗ ಹಾಕಿದೆಯೇ ಅಂತ ಮೂರು ಸಲ ನೋಡಿ ಮಲಗುವ ಮನುಷ್ಯ.

ಎದುರಿಗೆ ಅವನ ಜೊತೆಗಾರ್ತಿ, ಅಣ್ಣನ ಹೆಂಡತಿ. ಹಲ್ಲಿನ ಡಾಕ್ಟರು. ಹಲ್ಲು ಕೀಳಬೇಕೋ ಬೇಡವೋ ಅಂತ ಬಾಯಿ ತೆರೆದ ಅರ್ಧ ನಿಮಿಷಕ್ಕೆ ಹೇಳಿಬಿಡುವವರು. ಅತ್ತಿಗೆ ಮೈದುನ ಹನ್ನೊಂದು ವರ್ಷದಿಂದ ಒಟ್ಟಿಗೆ ಆಡುತ್ತಿದ್ದಾರೆ. ಅದರಲ್ಲಿ ಏಳು ವರ್ಷ ಅತ್ತಿಗೆ ಕಾಯುವುದರಲ್ಲೇ ಕಳೆದಿದ್ದಾರೆ ಎಂಬುದು ಅತ್ತಿಗೆಯ ಅಂದಾಜು. ನಾಲ್ಕೂವರೆ ಎಂಬುದು ಇನ್‌ಸ್ಪೆಕ್ಟರ್ ಲೆಕ್ಕ.

ಅವನ ಎಡಕ್ಕೆ ಔಷಧಿ ಅಂಗಡಿಯವರು. ಬಲಕ್ಕೆ ನಿವೃತ್ತ ಜಡ್ಜು.

(ಜಡ್ಜು ಇಲ್ಲಿ ತಡೆದು, ತಮ್ಮನ್ನು ಕೊನೆಗೆ ಪರಿಚಯಿಸಿದ್ದಕ್ಕೆ ಆಕ್ಷೇಪಣೆ ದಾಖಲಿಸಬೇಕು ಅಂದರು. ದಾಖಲಿಸಿದ್ದೇನೆ.)

೩.

ಅತ್ತಿಗೆ ‘ಏಳು ಇಸ್ಪೀಟು’ ಅಂದುಬಿಟ್ಟಿದ್ದಾರೆ. ಇದಕ್ಕೆ ಗ್ರ್ಯಾಂಡ್ ಸ್ಲ್ಯಾಮ್ ಅನ್ನುತ್ತಾರೆ: ಇಸ್ಪೀಟು, ಅಂದರೆ ಸ್ಪೇಡ್ ಬಣ್ಣ, ತುರುಪು; ನಾಲ್ವರೂ ಒಂದೊಂದು ಎಲೆ ಹಾಕುವ ಹದಿಮೂರು ಟ್ರಿಕ್ಕಿನಲ್ಲಿ ಹದಿಮೂರನ್ನೂ ನಾವೇ ಗೆಲ್ಲುತ್ತೇವೆ ಅಂತ ಮುಂಚೆಯೇ ಮಾತು ಕೊಡುವುದು. ಒಂದು ಹೋದರೂ ಎಲ್ಲ ಹೋದಂತೆ. ಮಾತು ಕೊಟ್ಟವರು ಅತ್ತಿಗೆ, ಉಳಿಸಿಕೊಳ್ಳಬೇಕಾದವನು ಮೈದುನ. ಇಸ್ಪೀಟನ್ನು ಮೊದಲು ಹೆಸರಿಸಿದವನು ಅವನಾದ್ದರಿಂದ ಆಟ ಅವನದು. ಅತ್ತಿಗೆ ಈಗ ಡಮ್ಮಿ. ತಮ್ಮ ಹದಿಮೂರು ಎಲೆಗಳನ್ನೂ ಮೇಜಿನ ಮೇಲೆ ಬಿಚ್ಚಿಟ್ಟು ತುಟಿ ಹೊಲಿದುಕೊಂಡು ಕೂರಬೇಕು.

(ಆವರಣ ಚಿಹ್ನೆಯೊಳಗೆ ಬ್ರಿಡ್ಜಿನ ನಿಯಮ ನಡೆಯುವುದಿಲ್ಲ. ಅತ್ತಿಗೆ ಅದನ್ನು ಕಂಡುಕೊಂಡಿದ್ದಾರೆ. “ಏನಪ್ಪಾ ಕಥೆಗಾರ, ಟೀ ಬ್ರೇಕಲ್ಲಿ ನಾನು ಹೇಳಿದ್ದು ಬರೆದ್ಯಾ? ಅದನ್ನ ಬಿಟ್ಟು ಮೇಜಿನ ಬಟ್ಟೆ ಬಣ್ಣ ಎಲ್ಲಾ ಬರೀತಾ ಇದ್ದೀಯಲ್ಲ.”)

ಬರೆಯುತ್ತೇನೆ. ಟೀ ಬ್ರೇಕಿನಲ್ಲಿ ಅತ್ತಿಗೆ ಕಪ್ಪು ಕೆಳಗಿಟ್ಟು ಹೇಳಿದ್ದು ಇಷ್ಟು: “ಒಂದು ಸಲ ಲೆಕ್ಕ ಹಾಕು, ಬೇಡ ಅನ್ನಲ್ಲ. ಹಾಕಿದ್ಮೇಲೆ ಆಡಿಬಿಡು. ಇವತ್ತೂ ತಿರುಗಿ ತಾಳೆ ನೋಡ್ತಾ ಕೂತ್ರೆ, ಮುಂದಿನ ವಾರದಿಂದ ನಾನು ಬೇರೆಯವರ ಜೊತೆ ಆಡ್ತೀನಿ.” ಧ್ವನಿಯಲ್ಲಿ ಕೋಪ ಇರಲಿಲ್ಲ. ಇನ್‌ಸ್ಪೆಕ್ಟರನಿಗೆ ಭಯವಾಗಿದ್ದು ಅದಕ್ಕೇ. ಅವನ ಜೊತೆ ಆಡಲು ಒಪ್ಪುವವರು ಆ ಕ್ಲಬ್ಬಿನಲ್ಲಿ ಬೇರೆ ಯಾರೂ ಇಲ್ಲ. ಕ್ಲಬ್ಬಿನ ಆಚೆಯೂ ಅವನಿಗೆ ಅಂಥ ದೊಡ್ಡ ಬಳಗವೇನಿಲ್ಲ.

೪.

೧೧:೪೨ಕ್ಕೆ ಅವನು ಯೋಜನೆ ಹಾಕಲು ಕೂತ. ಇಸ್ಪೀಟಿನಲ್ಲಿ ಆರು, ಹಾರ್ಟಿನಲ್ಲಿ ಎರಡು, ಡೈಮಂಡಿನಲ್ಲಿ ಎರಡು, ಕ್ಲಾವರಿನ ಎಕ್ಕ ಮತ್ತು ರಾಜ ಎರಡು: ಒಟ್ಟು ಹನ್ನೆರಡು. ಹದಿಮೂರನೆಯದು ಸಿಗಬೇಕಾದರೆ ಎದುರಾಳಿಗಳ ಕ್ಲಾವರ್ ರಾಣಿಯನ್ನು ಹಿಡಿಯಬೇಕು, ಹಿಡಿಯಲು ಅವಳು ಯಾರ ಕೈಯಲ್ಲಿದ್ದಾಳೆ ಅಂತ ಊಹಿಸಬೇಕು. ಅವಳು ಎಡಗಡೆ ಇದ್ದರೆ ಕೈಯಿಂದ ಮೊದಲು ರಾಜನನ್ನು ಇಳಿಸಬೇಕು. ಬಲಗಡೆ ಇದ್ದರೆ ಚಿಕ್ಕ ಎಲೆ ಇಳಿಸಿ, ಅತ್ತಿಗೆಯ ಎಕ್ಕದಿಂದ ಗೆದ್ದು, ಅಲ್ಲಿಂದ ವಾಪಸ್ ಬರಬೇಕು. ಇಷ್ಟೇ. ಮಿಕ್ಕಿದ್ದೆಲ್ಲ ಅಲಂಕಾರ.

ಔಷಧಿಯವರು ಮೊದಲ ಎಲೆಯಾಗಿ ಕ್ಲಾವರ್ ಮುಟ್ಟದೆ ಇಸ್ಪೀಟು ಹಾಕಿದ್ದರು. ರಾಣಿ ಇಟ್ಟುಕೊಂಡವರು ಆ ಬಣ್ಣಕ್ಕೆ ಸುಲಭವಾಗಿ ಕೈ ಹಾಕುವುದಿಲ್ಲ. ಆದ್ದರಿಂದ ರಾಣಿ ಎಡಕ್ಕೆ. ಆರು ನಿಮಿಷದಲ್ಲಿ ತೀರ್ಮಾನ ಆಯಿತು. ಅವನ ಮಟ್ಟಿಗೆ ಅದು ಮಿಂಚು.

೫.

ಹತ್ತು ಟ್ರಿಕ್ಕು ಗೆದ್ದ. ಅದನ್ನು ವಿವರಿಸಿದರೆ ಮೊದಲ ಕರಡಿನ ಗತಿಯೇ ಆಗುತ್ತದೆ. ಎಲ್ಲರ ಕೈಯಲ್ಲೂ ಮೂರು ಮೂರು ಎಲೆ ಉಳಿದವು, ಎಲ್ಲವೂ ಕ್ಲಾವರ್.

(ರಾಣಿ ಯಾರ ಹತ್ತಿರ ಇದ್ದಾಳೆ ಅಂತ ನನ್ನನ್ನು ಕೇಳಬೇಡಿ. ನೋಡಲು ಹೋದೆ. ಜಡ್ಜು ಎಲೆಗಳನ್ನು ಎದೆಗೆ ಅವಚಿಕೊಂಡರು. ಬರೆಯುವವನಿಗೂ ತೋರಿಸುವುದಿಲ್ಲವಂತೆ, ಅರ್ಜಿ ಕೊಡಬೇಕಂತೆ.)

ಇನ್‌ಸ್ಪೆಕ್ಟರ್ ಅತ್ತಿಗೆಯ ಮುಖ ನೋಡಲಿಲ್ಲ. ತಾಳೆ ನೋಡಲೂ ಇಲ್ಲ. ಯೋಜನೆಯಂತೆ ಕ್ಲಾವರ್ ರಾಜನನ್ನು ಎಳೆದು, ಮುಖ ಮೇಲೆ ಮಾಡಿ ಮೇಜಿನ ಕಡೆ ಇಳಿಸತೊಡಗಿದ. ಹನ್ನೊಂದು ವರ್ಷದಲ್ಲಿ ಅವನ ಕೈ ಅಷ್ಟು ಸಲೀಸಾಗಿ ಇಳಿದದ್ದಿಲ್ಲ.

ಆದರೆ ತಲೆಗೆ ಯಾರೂ ಷರತ್ತು ಹಾಕಿರಲಿಲ್ಲ. ಕೈ ಇಳಿಯುತ್ತಿದ್ದಾಗಲೇ ಅದು ತನ್ನ ಪಾಡಿಗೆ ಎಣಿಸಿ ಮುಗಿಸಿತು: ಶುರುವಿನಲ್ಲಿ ಔಷಧಿಯವರಿಗೆ ಬಂದ ಕ್ಲಾವರ್ ಮೂರು, ಜಡ್ಜಿಗೆ ಬಂದದ್ದು ನಾಲ್ಕು. ಆ ಏಳರಲ್ಲಿ ಒಂದು ರಾಣಿ. ಅಂದರೆ ಅವಳು ಬಲಕ್ಕಿರುವ ಸಂಭವ ಏಳರಲ್ಲಿ ನಾಲ್ಕು ಪಾಲು.

ಕೈ ಗಾಳಿಯಲ್ಲಿ ನಿಂತಿತು.

೬.

ಜಡ್ಜು ಬಾಯಿ ತೆರೆದರು. ನಿಯಮದ ಪ್ರಕಾರ ಆಟ ಆಡುವವನ ಎಲೆ ಮುಖ ಮೇಲಾಗಿ ಮೇಜನ್ನು ಮುಟ್ಟಿದ್ದರೆ, ಅಥವಾ ಬಹುತೇಕ ಮುಟ್ಟಿದ್ದರೆ, ಅದು ಆಡಿದಂತೆಯೇ, ವಾಪಸ್ ತೆಗೆದುಕೊಳ್ಳುವಂತಿಲ್ಲ. ಬಹುತೇಕ ಅಂದರೆ ಎಷ್ಟು ಅಂತ ಔಷಧಿಯವರು ಕೇಳಿದರು. ಅದನ್ನು ನಿಯಮ ಬರೆದವರು ಹೇಳಿಲ್ಲ, ಅದಕ್ಕೇ ನಮ್ಮಂಥವರು ಇರುವುದು ಅಂದರು ಜಡ್ಜು. ಕೈ ಅಲ್ಲಾಡಿಸಬಾರದು ಅಂತ ಇನ್‌ಸ್ಪೆಕ್ಟರಿಗೆ ಆಜ್ಞೆಯಾಯಿತು. ಆಟದ ತಕರಾರಿಗೆ ತೀರ್ಪು ಕೊಡುವ ಡೈರೆಕ್ಟರ್ ಮೇಡಂಗೆ ಕರೆ ಹೋಯಿತು.

ಮೇಡಂ ಎರಡು ವಸ್ತು ತಂದರು: ಅಂಕ ಬರೆಯುವ ಮೇಜಿನ ಮರದ ಸ್ಕೇಲು, ಕ್ಲಬ್ಬಿನ ತೀರ್ಪುಗಳ ರಿಜಿಸ್ಟರು. ಹೋದ ವರ್ಷ ಇಂಥದ್ದೇ ಜಗಳದಲ್ಲಿ ಮೂರೂವರೆ ಸೆಂಟಿಮೀಟರನ್ನು ‘ದೂರ’ ಅಂತ ತೀರ್ಮಾನಿಸಿ ಸಹಿ ಹಾಕಿದ್ದರು. ಅದಕ್ಕಿಂತ ಕಡಿಮೆಯದ್ದರ ಬಗ್ಗೆ ಏನೂ ಬರೆದಿರಲಿಲ್ಲ. ಮೇಡಂ ಬಗ್ಗಿ, ಸ್ಕೇಲನ್ನು ಬಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಓದಿದರು. ಸರಿಯಾಗಿ ಮೂರೂವರೆ.

ಔಷಧಿಯವರು ಒಪ್ಪಿಕೊಂಡಂತೆ ಕುರ್ಚಿಗೆ ಒರಗಿದರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ರಾಜ ವಾಪಸ್ ಹೋಗಬಹುದು, ಚಿಕ್ಕ ಎಲೆ ಇಳಿಯಬಹುದು, ಏಳರಲ್ಲಿ ನಾಲ್ಕು ಪಾಲು ಇನ್‌ಸ್ಪೆಕ್ಟರನದು.

ಅವನು ಸ್ಕೇಲನ್ನೇ ನೋಡುತ್ತಿದ್ದ.

“ಮೇಡಂ,” ಅಂದ, “ಇದರ ತುದಿ ಸವೆದಿದೆ. ಸೊನ್ನೆ ಗೆರೆಯೇ ಇಲ್ಲ, ನೋಡಿ. ಮೂರು ಮಿಲಿಮೀಟರ್ ಹೋಗಿದೆ. ನಿಮ್ಮ ಮೂರೂವರೆಯಲ್ಲಿ ಅದನ್ನ ಕಳೀಬೇಕು.”

ಜಡ್ಜು ಕನ್ನಡಕ ತೆಗೆದು ಒರೆಸಿಕೊಂಡರು. ಮೇಡಂ ರಿಜಿಸ್ಟರಿನ ಹಾಳೆ ಮಗುಚುತ್ತಲೇ ಇದ್ದರು.

೭.

ಈಗ ಅಂತ್ಯ. ಎರಡು ಬರೆದಿಟ್ಟಿದ್ದೆ.

ಮೊದಲನೆಯದರಲ್ಲಿ ರಾಜ ಆಡಿದಂತೆಯೇ ಎಂದು ತೀರ್ಪಾಗುತ್ತದೆ, ರಾಣಿ ಎಡಗಡೆಯೇ ಸಿಗುತ್ತಾಳೆ, ಪ್ರಾಮಾಣಿಕತೆಗೆ ಬಹುಮಾನ. ಶಾಲೆಯ ಪಠ್ಯಕ್ಕೆ ಆದೀತು. ಎರಡನೆಯದರಲ್ಲಿ ರಾಣಿ ಬಲಗಡೆ, ಒಂದು ಟ್ರಿಕ್ಕು ಹೋಗುತ್ತದೆ, ಅತ್ತಿಗೆ ಚೀಲ ತೆಗೆದುಕೊಂಡು ಎದ್ದು ಹೋಗುತ್ತಾರೆ. ಇದು ವಿಮರ್ಶಕರಿಗೆ ಹಿಡಿಸುತ್ತದೆ.

(“ಎರಡೂ ಬೇಡ, ಹರಿದು ಹಾಕು,” ಅಂದರು ಅತ್ತಿಗೆ.

ಮುಂದಿನ ವಾರ ಯಾರ ಜೊತೆ ಆಡುತ್ತೀರಿ ಅಂತ ಕೇಳಿದೆ. ಓದುವವರು ಕಾಯುತ್ತಿದ್ದಾರೆ, ನನಗೂ ಒಂದು ಕೊನೆ ಬೇಕು ಅಂದೆ.

ಅವರು ಮೈದುನನ ಕೈಯನ್ನು ನೋಡಿದರು. ಹಿಡಿದ ಎಲೆ ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ.

“ಹನ್ನೊಂದು ವರ್ಷದಲ್ಲಿ ಇವತ್ತು ಒಂದು ದಿನ ತಾಳೆ ನೋಡಲಿಲ್ಲ ಅಂದ್ಕೊಂಡೆ,” ಅಂದರು. “ಕೊನೆಗೆ ಸ್ಕೇಲನ್ನೇ ತಾಳೆ ನೋಡಿದ. ತನ್ನ ಕುತ್ತಿಗೆಯ ಉರುಳಿಗೆ ತಾನೇ ಸರಿಯಾಗಿ ಅಳತೆ ಕೊಡೋ ಮನುಷ್ಯನ್ನ ಏನು ಮಾಡೋದು, ನೀನೇ ಹೇಳು.”

ನನಗೆ ಗೊತ್ತಿಲ್ಲ ಅಂದೆ.

“ಹಾಗಾದ್ರೆ ಬರೆಯೋದು ನಿಲ್ಲಿಸು. ನಾನಿನ್ನೂ ಯೋಚನೆ ಮಾಡ್ತಾ ಇದ್ದೀನಿ.”)

ಅರ್ಧ ನಿಮಿಷ ಯಾವಾಗಲೋ ಕಳೆದಿತ್ತು. ಅತ್ತಿಗೆ ಇನ್ನೂ ಯೋಚಿಸುತ್ತಿದ್ದಾರೆ. ಮೇಡಂ ರಿಜಿಸ್ಟರಿನಲ್ಲಿ ಹೊಸ ಸಾಲು ಶುರು ಮಾಡಿದ್ದಾರೆ. ತೀರ್ಪು ಎಂಬ ಕಡೆ ಏನೂ ಬರೆದಿಲ್ಲ. ಎಲೆಯ ಕೆಳ ಅಂಚಿನಿಂದ ಮೇಜಿನ ಬಟ್ಟೆಗೆ ಇರುವ ಅಂತರ ೩.೨ ಸೆಂಟಿಮೀಟರ್.