ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ

"ಪಟ್ಟಿ ಎಲ್ಲೇ ಲೌಡಿ? ಬಿಚ್ಚಿ ಎಲ್ಲಿಗೆ ಬಿಸಾಕಿದೆ?"

ಮೇಸ್ತ್ರಿಯ ದನಿ ಇಸ್ತ್ರಿ ಯಂತ್ರಗಳ ಬುಸುಬುಸು ದಾಟಿ ನನ್ನ ಮೇಜಿನವರೆಗೆ ಬಂತು. ಕಲೆ ಅಕ್ಕ ತೊಟ್ಟಿಯೊಳಗಿಂದ ಕೈ ತೆಗೆಯಲಿಲ್ಲ. ಗದ್ದದಿಂದಲೇ ತನ್ನ ಬಲಭುಜ ತೋರಿಸಿದಳು. ಕೆಂಪು ಬಟ್ಟೆಯ ಪಟ್ಟಿ ಅಲ್ಲೇ ಇತ್ತು. ನೀರು ಕುಡಿದು ಮಡಚಿಕೊಂಡು ಏಪ್ರನ್ನಿಗೆ ಅಂಟಿಹೋಗಿತ್ತು.

"ಇಲ್ಲೇ ಇದೆ ಮೇಸ್ತ್ರಿ. ಸ್ವಲ್ಪ ಮೇಲೆ ನೋಡಿ. ನಿಮಗೆ ಹೆಂಗಸರನ್ನ ಅಷ್ಟು ಮೇಲೆ ನೋಡಿ ಅಭ್ಯಾಸ ಇಲ್ಲ, ಪಾಪ."

ಹಿಂಡುವ ಯಂತ್ರದ ಬಳಿ ಇಬ್ಬರು ಕಿಸಕ್ಕೆಂದರು. ಮೇಸ್ತ್ರಿ ನನ್ನ ಕಡೆ ತಿರುಗಿದ. "ಪೆನ್ನಮ್ಮ, ಬರ್ಕೋ. ಪಟ್ಟಿ ಮುಚ್ಚಿಟ್ಟಿದ್ಲು, ಮೇಲಿನವರಿಗೆ ಎದುರು ಮಾತಾಡಿದ್ಲು."

ನಾನು ಬರೆದೆ: "ಎರಡನೇ ದಿನ. ಪಟ್ಟಿ ಒದ್ದೆಯಾಗಿತ್ತು."

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಸೋಂಕಿನ ವಾರ್ಡಿನಿಂದ ಬರುವ ಗಂಟುಗಳಿಗೆ ಕೆಂಪು ಪಟ್ಟಿ ಕಟ್ಟಿರುತ್ತಾರೆ, ಬರಿಗೈಯಲ್ಲಿ ಮುಟ್ಟಬಾರದು ಎಂಬ ಗುರುತಿಗೆ. ಕೆಲಸ ಬಿಡುತ್ತೇನೆಂದು ನೋಟಿಸ್ ಕೊಟ್ಟವರ ಭುಜಕ್ಕೂ ಇಲ್ಲಿ ಅದೇ ಪಟ್ಟಿ ಚುಚ್ಚುತ್ತಾರೆ. ಮೂವತ್ತು ದಿನ. ಆ ಮೂವತ್ತು ದಿನ ಅವರ ಪಕ್ಕ ಯಾರೂ ಊಟಕ್ಕೆ ಕೂರುವಂತಿಲ್ಲ. ಸಂಜೆ ಗೇಟಿನಲ್ಲಿ ಅವರ ಚೀಲ, ಊಟದ ಡಬ್ಬಿ, ಕೊನೆಗೆ ಕಟ್ಟಿದ ತುರುಬನ್ನೂ ಬಿಚ್ಚಿಸಿ ನೋಡುತ್ತಾರೆ. ಅವರ ನಡತೆಯನ್ನು ದಿನದಿನವೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬರೆಯುವವಳು ನಾನು. ಆ ಕಟ್ಟಡದಲ್ಲಿ, ಮ್ಯಾನೇಜರನ್ನು ಬಿಟ್ಟರೆ, ಡಿಗ್ರಿ ಓದಿದವಳು ನಾನೊಬ್ಬಳೇ. ನನ್ನ ಮೇಜು ಕೂಡ ತೊಟ್ಟಿಗಳ ಸಾಲಿನಲ್ಲೇ ಇತ್ತು. ಹಬೆ ತಗುಲಿ ಪುಸ್ತಕದ ಹಾಳೆಗಳು ಉಬ್ಬಿಕೊಂಡಿರುತ್ತಿದ್ದವು.

ಕಲೆ ಅಕ್ಕ ಇಪ್ಪತ್ತೆರಡು ವರ್ಷದಿಂದ ಕಲೆ ತೆಗೆಯುತ್ತಿದ್ದವಳು. ರಕ್ತ, ಅಯೋಡಿನ್, ಕೀವು, ಔಷಧಿ, ಯಾವುದೆಂದು ಬಟ್ಟೆ ಮೂಸಿಯೇ ಹೇಳುತ್ತಿದ್ದಳು. ಬ್ಲೀಚಿನಲ್ಲಿ ಅವಳ ಬೆರಳುಗಳು ಎಷ್ಟು ಸವೆದಿದ್ದವೆಂದರೆ ಹಾಜರಿಯ ಯಂತ್ರಕ್ಕೆ ಅವಳ ಬೆರಳಚ್ಚು ಸಿಗುತ್ತಲೇ ಇರಲಿಲ್ಲ. ಯಂತ್ರದ ಪ್ರಕಾರ ಅವಳು ನಾಲ್ಕು ವರ್ಷದಿಂದ ಕೆಲಸಕ್ಕೇ ಬಂದಿಲ್ಲ. ಅವಳ ಹಾಜರಿ ನಾನು ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ.

ಪಟ್ಟಣದ ಆಚೆ ಕಡೆಯ ದೊಡ್ಡ ಹೋಟೆಲಿನವರು ಅವಳನ್ನು ಕರೆದಿದ್ದರು. ಅಲ್ಲಿ ಮೊಣಕೈವರೆಗೆ ಬರುವ ರಬ್ಬರ್ ಕೈಗವಸು ಕೊಡುತ್ತಾರಂತೆ. ಒಂದೇ ಒಂದು ಷರತ್ತು: ಹಳೆಯ ಜಾಗದಿಂದ ಒಳ್ಳೆಯ ನಡತೆಯ ಪತ್ರ ತರಬೇಕು.

"ಪತ್ರ ಒಂದು ಕೈಗೆ ಬಂದ್ರೆ ಸಾಕು ಪೆನ್ನಮ್ಮ," ಎಂದಿದ್ದಳು ನನಗೆ. "ಈ ಕೈಗೆ ಮತ್ತೆ ಚರ್ಮ ಬರುತ್ತೋ ಇಲ್ವೋ ನೋಡ್ಬೇಕು ಅಂತ ಆಸೆ."

ಮೂರನೇ ದಿನ ಮಧ್ಯಾಹ್ನ ಮೇಸ್ತ್ರಿ ತನ್ನ ನಾದಿನಿಯನ್ನು ಕರೆದುಕೊಂಡು ಬಂದ. ಕಲೆ ಅಕ್ಕನ ಜಾಗಕ್ಕೆ ಬರುವವಳು ಅವಳು. ಕೆಲಸ ಕಲಿಸಬೇಕೆಂದು ಮ್ಯಾನೇಜರ್ ಹೇಳಿದ್ದರು. ನಾದಿನಿ ಮೂಗಿಗೆ ಕರವಸ್ತ್ರ ಹಿಡಿದು ದೂರವೇ ನಿಂತಳು. ಮೇಸ್ತ್ರಿ ತೊಟ್ಟಿಯ ಅಂಚಿನ ಮೇಲೆ ಕಾಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದ:

"ಅಲ್ಲ ಮುದಿ ಮುಂಡೆ, ಹೋಟ್ಲಿನವರು ನಿನ್ನ ಏನು ನೋಡಿ ಕರೆದ್ರು? ಯಾವನ ಹಾಸಿಗೆ ಬಿಸಿ ಮಾಡಿದೆ? ಹೇಳು, ಇವಳಿಗೂ ಕಲಿಸು ಆ ವಿದ್ಯೆ."

ಕಲೆ ಅಕ್ಕ ಕೈಯಲ್ಲಿದ್ದ ಹೊದಿಕೆಯನ್ನು ನೀರಿಗಿಳಿಸಿದಳು, ಎತ್ತಿದಳು, ಮತ್ತೆ ಇಳಿಸಿದಳು.

"ಬರ್ಕೋ," ಎಂದ ಮೇಸ್ತ್ರಿ. ಈ ಸಲ ಅವನು ಹೋಗಲಿಲ್ಲ, ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತ ನಿಂತ. ಅವನ ಉಸಿರು ನನ್ನ ಕಿವಿಗೆ ತಾಕುತ್ತಿತ್ತು. ನಾನು ಪದ ಹುಡುಕಿದೆ. ಸುಳ್ಳಾಗಬಾರದು, ಅವನಿಗೂ ಸಿಟ್ಟು ಬರಬಾರದು, ನನ್ನ ಕೆಲಸವೂ ಹೋಗಬಾರದು. ಮನೆಯಲ್ಲಿ ಅಮ್ಮ ಮಲಗಿದ ಕಡೆಯೇ ಇದ್ದಳು. ಬರೆದೆ:

"ಮೂರನೇ ದಿನ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ."

ನಿಜವೇ ಅಲ್ಲವೇ? ಒಂದಕ್ಷರವೂ ಸುಳ್ಳಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ನನಗೆ ಹೆಮ್ಮೆಯಂಥದ್ದೇನೋ ಕೂಡ ಆಗಿತ್ತು. ಬರೆದೂ ಅವಳಿಗೆ ಪೆಟ್ಟಾಗದ ಹಾಗೆ ಬರೆದೆ ಎಂದುಕೊಂಡಿದ್ದೆ.

ಹದಿನೆಂಟನೇ ದಿನ ಹೆರಿಗೆ ವಾರ್ಡಿನ ಬಟ್ಟೆ ಬಂತು. ರಕ್ತದ ಕಲೆಗೆ ತಣ್ಣೀರೇ ಆಗಬೇಕು. ಬಿಸಿನೀರು ತಗುಲಿದರೆ ಕಲೆ ನೂಲಿನೊಳಗೆ ಬೆಂದು ಕೂತುಬಿಡುತ್ತದೆ, ಆಮೇಲೆ ಯಾರಪ್ಪ ಬಂದರೂ ಹೋಗುವುದಿಲ್ಲ. ಕಲೆ ಅಕ್ಕ ಅದನ್ನು ನಾದಿನಿಗೆ ದಿನಕ್ಕೆ ಹತ್ತು ಸಲ ಹೇಳಿದ್ದಳು. ನನಗೇ ಬಾಯಿಪಾಠವಾಗಿತ್ತು.

"ತಣ್ಣೀರು ಕಣಮ್ಮ. ಕೈ ಮರಗಟ್ಟಬೇಕು, ಅಷ್ಟು ತಣ್ಣಗೆ. ಗಂಟೆಗಟ್ಟಲೆ ನೆನೀಬೇಕು."

"ಗಂಟೆಗಟ್ಟಲೆ ಕಾಯೋಕೆ ಇದೇನು ನಿಮ್ಮಪ್ಪನ ಕೆರೆನಾ?" ಎಂದು ಮೇಸ್ತ್ರಿ ಬಂದು ಬಿಸಿನೀರಿನ ಕೊಳಾಯಿಯನ್ನು ತಾನೇ ತಿರುಗಿಸಿದ. "ಲಾರಿ ನಾಲ್ಕಕ್ಕೆ ಬರುತ್ತೆ. ಬೇಗ ಮುಗಿಸ್ರೇ."

ನಾಲ್ಕು ಗಂಟೆಗೆ ಅರವತ್ತು ಹೊದಿಕೆಗಳು ಹಗ್ಗದ ಮೇಲೆ ಕಂದುಬಣ್ಣದ ನಕ್ಷೆಗಳನ್ನು ಹೊತ್ತು ತೂಗಾಡುತ್ತಿದ್ದವು. ಆಸ್ಪತ್ರೆಯವರು ಹಿಂದಕ್ಕೆ ಕಳಿಸಿದರು. ಮ್ಯಾನೇಜರ್ ಗಾಜಿನ ಕೋಣೆಯಿಂದ ಹೊರಬಂದು ನೋಡಿದರು, ಒಳಗೆ ಹೋದರು. ನಾನು ಪುಸ್ತಕದಲ್ಲಿ "ಬಿಸಿನೀರಿನ ಕೊಳಾಯಿ ತಿರುಗಿಸಿದ್ದು ಮೇಸ್ತ್ರಿ" ಎಂದು ಬರೆಯಲು ಹೋದೆ. ಆಮೇಲೆ ನೆನಪಾಯಿತು, ಪುಸ್ತಕ ಇರುವುದು ಕಲೆ ಅಕ್ಕನ ನಡತೆಗೆ. ಮೇಸ್ತ್ರಿಯ ನಡತೆಗೆ ಅದರಲ್ಲಿ ಜಾಗವಿರಲಿಲ್ಲ.

ಮೂವತ್ತನೇ ದಿನ ಸಂಜೆ ಗಾಜಿನ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ಮ್ಯಾನೇಜರ್ ಎಂದೂ ದನಿ ಎತ್ತಿದವರಲ್ಲ. ಪುಸ್ತಕ ಅವರ ಮುಂದಿತ್ತು. ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ.

"ನೋಡಮ್ಮ, ಪತ್ರ ಕೊಡಬಾರದು ಅಂತ ನನಗೇನು ಹಟ ಇಲ್ಲ. ಆದ್ರೆ ಅರವತ್ತು ಹೊದಿಕೆ ಹಾಳಾಗಿದೆ. ಕಲಿಸಲೇ ಇಲ್ಲ ಅಂತಾರೆ."

"ಕಲಿಸಿದ್ದೀನಿ ಸಾರ್. ಮೇಸ್ತ್ರಿ ನಾದಿನೀನೇ ಕರೆದು ಕೇಳಿ."

"ಯಾರನ್ನ ಯಾಕೆ ಕೇಳಲಿ? ಬರೆದಿದೆಯಲ್ಲ." ಬೆರಳಿಟ್ಟು ಓದಿದರು. "'ಮೂರನೇ ದಿನ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.' ನಾನು ಬರೆದದ್ದಲ್ಲಮ್ಮ ಇದು. ನಿಮ್ಮವಳೇ ಬರೆದದ್ದು."

ಕಲೆ ಅಕ್ಕ ನನ್ನ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬರಿದೇ ನೋಡಿದಳು, ಮೂಸಿದರೂ ಯಾವುದೆಂದು ತಿಳಿಯದ ಕಲೆಯನ್ನು ನೋಡುವ ಹಾಗೆ.

"ಏನು ಕೇಳಿದ್ರು ಅಂತ ಹೇಳು ಪೆನ್ನಮ್ಮ."

"ಸಾರ್, ಅದು ಕೆಲಸದ ವಿಷಯ ಅಲ್ಲ," ಎಂದೆ.

"ಮತ್ತೆ?"

"ಬಾಯಲ್ಲಿ ಹೇಳೋ ಹಾಗಿಲ್ಲ ಸಾರ್."

"ಹೇಳೋ ಹಾಗಿಲ್ಲ ಅಂದ್ರೆ ನಡೆದೂ ಇಲ್ಲ," ಎಂದು ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದರು. ಮೇಸ್ತ್ರಿ ಹಲ್ಲು ಕಿರಿದ.

"ಬಾಯಲ್ಲಿ ಬರದಿದ್ರೆ ಬಿಡು," ಎಂದಳು ಕಲೆ ಅಕ್ಕ. ದನಿ ಗಟ್ಟಿಯಿರಲಿಲ್ಲ. "ಕೈಯಲ್ಲಿ ಬರುತ್ತಲ್ಲ ನಿಂಗೆ. ನನಗಂತೂ ಬೆರಳಿನ ಗುರುತೂ ಉಳಿದಿಲ್ಲ ತಾಯಿ."

ನಾನು ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡೆ. ಎರಡು ಸಾಲುಗಳ ನಡುವಿನ ಕಿರಿದಾದ ಜಾಗದಲ್ಲಿ ಮೇಸ್ತ್ರಿ ಕೇಳಿದ್ದನ್ನು ಅವನ ಮಾತಿನಲ್ಲೇ ಬರೆದೆ. ಮುದಿ ಮುಂಡೆ. ಯಾವನ ಹಾಸಿಗೆ. ಅಂಥ ಮಾತು ನಾನು ಅದುವರೆಗೆ ಎಲ್ಲೂ ಬರೆದಿರಲಿಲ್ಲ. ಜಾಗ ಸಾಲದೆ ಅಂಚಿಗೆ ಹೋದೆ. ಅಂಚಿನಲ್ಲಿ ಬಿಸಿನೀರಿನ ಕೊಳಾಯಿಯನ್ನೂ, ಅದನ್ನು ಯಾರು ತಿರುಗಿಸಿದರೆಂಬುದನ್ನೂ ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ.

ಮ್ಯಾನೇಜರ್ ತಾಳ್ಮೆಯಿಂದ ಪೂರ್ತಿ ಓದಿದರು.

"ಪುಸ್ತಕ ತಿದ್ದಿಬಿಟ್ಟೆಯಲ್ಲಮ್ಮ. ತಿದ್ದಿದ್ದು ಲೆಕ್ಕಕ್ಕೆ ಬರಲ್ಲ. ಪತ್ರ ಇಲ್ಲ. ನೀವು ಹೊರಡಬಹುದು."

ಅಷ್ಟೆ. ಇಪ್ಪತ್ತೆರಡು ವರ್ಷಕ್ಕೆ ಅಷ್ಟೇ ಮಾತು. ಏನು ಹೇಳಿದ್ದರೂ, ಏನು ಬರೆದಿದ್ದರೂ ಕೊಡುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಮೂವತ್ತು ದಿನ ನಾನು ಪದ ಆರಿಸಿದ್ದೇ ಆರಿಸಿದ್ದು.

ಹಾಳೆಯನ್ನು ಹರಿದೆ. ಹೊಲಿಗೆಯ ಹತ್ತಿರದಿಂದ, ನಿಧಾನವಾಗಿ, ಒಂದಕ್ಷರವೂ ಹಾಳಾಗದ ಹಾಗೆ ಹರಿದು ಕಲೆ ಅಕ್ಕನ ಕೈಗಿಟ್ಟೆ.

"ಇದನ್ನೇ ತೋರಿಸು ಅಕ್ಕ. ನಡತೆ ಪೂರ್ತಿ ಇದರಲ್ಲಿದೆ. ಎಲ್ಲರದ್ದೂ."

"ಏಯ್, ಹಲ್ಕಟ್," ಎಂದು ಮೇಸ್ತ್ರಿ ಮುಂದೆ ಬಂದ. ಮ್ಯಾನೇಜರ್ ಕೈಯೆತ್ತಿ ಅವನನ್ನು ತಡೆದರು. "ಬಿಡು. ಹರಿದ ಹಾಳೆ ಹಿಡಿದು ಬಂದವಳಿಗೆ ಯಾರು ಕೆಲಸ ಕೊಡ್ತಾರೆ? ಪೆನ್ನಮ್ಮಂಗೆ ಒಂದು ಪಟ್ಟಿ ತಂದುಕೊಡು. ಅವಳೂ ನೋಟಿಸ್ ಕೊಟ್ಟ ಹಾಗಾಯ್ತು."

ಪಟ್ಟಿ ತರಬೇಕಾಗಲಿಲ್ಲ. ಕಲೆ ಅಕ್ಕ ತನ್ನ ಭುಜದ್ದನ್ನು ಬಿಚ್ಚಿ ನನ್ನ ಭುಜಕ್ಕೆ ಚುಚ್ಚಿದಳು. ಪಿನ್ನು ಚರ್ಮಕ್ಕೆ ತಾಗದಿರಲೆಂದು ಒಳಗಿನಿಂದ ಎರಡು ಬೆರಳು ಅಡ್ಡ ಹಿಡಿದಿದ್ದಳು. ಆ ಬೆರಳುಗಳು ಗಾಜಿನಷ್ಟು ನುಣುಪಾಗಿದ್ದವು.

ಗೇಟಿನಲ್ಲಿ ಅವಳು ಚೀಲ ತೆರೆಯಲಿಲ್ಲ, ತುರುಬೂ ಬಿಚ್ಚಲಿಲ್ಲ. ಹಾಳೆಯನ್ನು ಬಿಡಿಸಿ ಕಾವಲಿನ ಮುದುಕನ ಮುಖಕ್ಕೆ ಹಿಡಿದಳು. ಅವನು ತುಟಿ ಅಲ್ಲಾಡಿಸುತ್ತ ಕೊನೆಯವರೆಗೂ ಓದಿದ. ಆಮೇಲೆ ಅಡ್ಡಗಂಬ ಎತ್ತಿದ. ಆ ಹಾಳೆ ಹೋಟೆಲಿನವರ ಮೇಜು ಮುಟ್ಟಿತೋ, ಅವರು ಓದಿ ನಕ್ಕರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ನನ್ನ ನಡತೆ ಯಾರು ಬರೆಯಬೇಕೆಂಬ ಪ್ರಶ್ನೆ ಬಂತು. ಮ್ಯಾನೇಜರನ್ನು ಬಿಟ್ಟರೆ ಬರೆಯಬಲ್ಲವರು ಬೇರಾರೂ ಇರಲಿಲ್ಲ.

"ನಿನ್ನದು ನೀನೇ ಬರಿ," ಎಂದು ಮ್ಯಾನೇಜರ್ ಹೇಳಿಕಳಿಸಿದರು.

ಪಟ್ಟಿ ಚುಚ್ಚಿಕೊಂಡು ಮೇಜಿನಲ್ಲಿ ಕೂತೆ. ಪಕ್ಕದ ತೊಟ್ಟಿಯವಳು ತನ್ನ ಮಣೆಯನ್ನು ಒಂದು ಮೊಳ ಆಚೆಗೆ ಸರಿಸಿಕೊಂಡಳು. ನಾನೂ ಮೂವತ್ತು ದಿನ ಕಲೆ ಅಕ್ಕನ ಪಕ್ಕ ಊಟಕ್ಕೆ ಕೂತಿರಲಿಲ್ಲ. ಒಂಬತ್ತೂ ಹತ್ತಕ್ಕೆ ಮೇಸ್ತ್ರಿ ಬಂದು ಮೇಜಿನ ಮೇಲೆ ಎರಡೂ ಕೈ ಊರಿದ.

"ಏನೇ ಓದಿದ ಲೌಡಿ, ನಿಂಗೂ ಹೋಟ್ಲಲ್ಲಿ ಯಾವನಾದ್ರೂ ಸಿಕ್ಕಿದ್ನಾ?"

ಹೊಸ ಹಾಳೆ ತಿರುವಿದೆ. ಗಂಟೆ, ನಿಮಿಷ ಬರೆದೆ. ಅವನು ಕೇಳಿದ್ದನ್ನು ಒಂದು ಪದವೂ ಬಿಡದೆ ಬರೆದೆ. ಕೆಳಗೆ ಒಂದು ಗೆರೆ ಎಳೆದು, ಗೆರೆಯ ಮುಂದೆ "ಕೇಳಿದವರ ಸಹಿ" ಎಂದು ಬರೆದು, ಪುಸ್ತಕವನ್ನು ಅವನ ಕಡೆ ತಿರುಗಿಸಿದೆ.

"ಉತ್ತರ ಕೊಡ್ತೀನಿ ಮೇಸ್ತ್ರಿ. ಮೊದಲು ಇಲ್ಲಿ ರುಜು ಹಾಕಿ."

ಪೆನ್ನು ಮುಂದೆ ಚಾಚಿದೆ. ಅವನು ಊರಿದ್ದ ಕೈಗಳನ್ನು ಮೇಜಿನಿಂದ ತೆಗೆದ. ಹಿಂಡುವ ಯಂತ್ರದ ಹೆಂಗಸರು ಯಂತ್ರ ನಿಲ್ಲಿಸಿದರು. ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ನಾನು ಚಾಚಿದ ಕೈ ಮಡಿಸಲಿಲ್ಲ.