ಅವ್ವನ ರಕ್ತದ ಹೊಲಿಗೆ

ಹತ್ತಿಯ ಎಳೆಯೊಂದು ಬಸ್ಸಿನ ಕಿಟಕಿಯ ಸರಳಿಗೆ ಸಿಕ್ಕು ಒದ್ದಾಡುತ್ತಿದೆ, ದಾವಣಗೆರೆ ಹತ್ತಿರ ಬಂತು ಅನ್ನಲು ಬೇರೆ ಬೋರ್ಡು ಬೇಕಾಗಿಲ್ಲ, ಎಳೆ ಮೂಗಿನ ಹತ್ತಿರ ಬಂದರೆ ಸೀನು ಬರುತ್ತದೆ, ಬರಬಾರದು, ಹರಿಹರ ಬಿಟ್ಟಾಗಿನಿಂದ ಒಂದು ಸಲವೂ ಸೀನಿಲ್ಲ, ಸೀನಿದರೆ ಮುಗಿಯಿತು, ಪಂಚಾಕ್ಷರಪ್ಪ ಸರ್ ಮತ್ತೆ ವಾರ್ಡಿನ ಬಾಗಿಲಲ್ಲೇ ತಡೆಯುತ್ತಾರೆ, ಆಪರೇಷನ್ ಆಗಿ ಎರಡೇ ದಿನಕ್ಕೆ ತಡೆದ ಹಾಗೆ — ಸಿದ್ದೀಕಾ, ನಿಮ್ಮ ತಾಯಿಯ ಗುಲ್ಮ ತೆಗೆದಾಗಿದೆ, ಸೋಂಕು ತಡೆಯುವ ಅಂಗ ಅದು, ನಿಮ್ಮ ನೆಗಡಿ ನಿಮಗೆ ಬರೀ ನೆಗಡಿ, ಅವರಿಗೆ ಗಂಡಾಂತರ, ಮನೆಗೆ ನಡೀರಿ — ಅವರ ಲ್ಯಾಬಿನಲ್ಲಿ ನಾಲ್ಕು ವರ್ಷ ರಕ್ತ ನೋಡುವ ಕೆಲಸ ಮಾಡಿದವಳನ್ನೇ ಆಸ್ಪತ್ರೆಯಿಂದ ಓಡಿಸಿಬಿಟ್ಟರು, ಎಂಟು ದಿನ ಹರಿಹರದ ಮನೆಯಲ್ಲಿ ಮೆಣಸಿನ ಕಷಾಯ ಕುಡಿದು ಗೋಡೆ ನೋಡಿದ್ದೇನೆ, ಅಪ್ಪ ಆಸ್ಪತ್ರೆಯಲ್ಲಿ, ಅವ್ವನ ಹತ್ತಿರ, ನಿನ್ನೆ ಬಟ್ಟೆ ಒಯ್ಯಲು ಬಂದಾಗ ಕೇಳಿದೆ, ಅಪ್ಪ, ಅವ್ವನ ಕಣ್ಣು ಬೆಳ್ಳಗಾದ್ವಾ, ಅಪ್ಪ ಮಸ್ತಾನಸಾಬರು ಗಡ್ಡ ಕೆರೆದುಕೊಂಡರು, ಕಣ್ಣಾ, ಉಣ್ತಾಳೆ, ಬೈತಾಳೆ, ಕಣ್ಣು ಯಾರು ನೋಡ್ಯಾರವ್ವ, ಅಕಿ ತಲೆ ಎತ್ತಿದ್ರೆ ಅಲ್ಲೇನು ಕಾಣೋದು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡನ ಮಾತು ಇದು! ನಗು ಬರುತ್ತದೆ, ಭಯವೂ ಆಗುತ್ತದೆ, ನನ್ನ ಮಾತು ನಂಬಿ ಅವ್ವ ಹೊಟ್ಟೆ ಕೊಯ್ಯಿಸಿಕೊಂಡಿದ್ದಾಳೆ, ಕಣ್ಣು ಹಳದಿಯಾಗಿಯೇ ಉಳಿದಿದ್ದರೆ ಯಾವ ಮುಖ ಇಟ್ಟುಕೊಂಡು ಮಂಚದ ಹತ್ತಿರ ಹೋಗಲಿ.

ಹಳದಿ, ಹುಟ್ಟಿದಾಗಿನಿಂದ ಹಳದಿ, ಹಳದಿ ಕಣ್ಣಿನ ಇಮಾಂಬೀ ಅಂದರೆ ಗಾದಿ ಹೊಲಿಯುವ ಪಿಂಜಾರರ ಓಣಿಯಲ್ಲಿ ಯಾರಾದರೂ ಮನೆ ತೋರಿಸುತ್ತಿದ್ದರು, ವರ್ಷಕ್ಕೊಮ್ಮೆ ಆನಗೋಡಿಗೆ ಹೋಗಿ ನಾಟಿ ಔಷಧಿ ಕೊಡುವ ಗಿರಿಯಮ್ಮನ ಕೈಯಿಂದ ಕಾಮಾಲೆಗೆ ನೆಲನೆಲ್ಲಿ ರಸ, ಮೂರು ದಿನ ಉಪ್ಪು ಬ್ಯಾಡ, ಎಣ್ಣೆ ಬ್ಯಾಡ, ಗುಣವಾಗದಿದ್ದರೆ ಕದ್ದು ಉಪ್ಪು ತಿಂದಳೆಂಬ ಬೈಗುಳ, ಬಡವಿಯ ಸಿಟ್ಟು ದವಡೆಗೆ ಮೂಲ ಅಂತ ಅವ್ವ ಬೈಸಿಕೊಂಡು ಬರುತ್ತಿದ್ದಳು, ನಾನೇನು ಕಡಿಮೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಮೇಷ್ಟ್ರು ಗಾದೆ ಹೇಳಿಕೊಟ್ಟ ದಿನ ಮನೆಗೆ ಓಡಿ ಬಂದು ಕೇಳಿದ್ದೆ, ಅವ್ವ, ನಾನು ನಿನಗೆ ಹಳದಿ ಕಾಣ್ತೀನಾ, ಅವ್ವ ಗಾದಿಯ ಮೇಲೆ ಬಗ್ಗಿ ಹೊಲಿಯುತ್ತಲೇ ಇದ್ದಳು, ಆಮೇಲೆ ನನ್ನ ಜೊತೆ ಮಾತಾಡುವಾಗಲೂ ನೆಲವನ್ನೇ ನೋಡತೊಡಗಿದಳು, ಅದನ್ನು ಮರ್ಯಾದೆ ಅಂದುಕೊಂಡೆ, ಎಷ್ಟು ವರ್ಷ ಹಾಗೇ ಅಂದುಕೊಂಡೆ, ಹಳದಿ ಮುಚ್ಚಿಡುತ್ತಿದ್ದಳೆಂದು ಹೊಳೆಯಲೇ ಇಲ್ಲ! ಲ್ಯಾಬಿನ ಕೆಲಸ ಕಲಿಯಲು ಅಂತ ಅವಳ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ ಹಳದಿಯ ಮೂಲ ಗೊತ್ತಾಯಿತು, ಕೆಂಪು ಕಣವೆಂದರೆ ನಡುವೆ ಗುಳಿ ಇರುವ ಬಿಲ್ಲೆ, ಅವ್ವನವು ಗುಂಡುಗುಂಡು, ಗುಳಿಯೇ ಇಲ್ಲ, ತೆಳು ಉಪ್ಪುನೀರಿಗೆ ಹಾಕಿದರೆ ಎಲ್ಲರವಕ್ಕಿಂತ ಮೊದಲು ಒಡೆದವು, ನನ್ನ ರಕ್ತವನ್ನೂ ನೋಡಿದೆ, ಗುಳಿ ಚೆನ್ನಾಗಿತ್ತು, ಯಾಕೋ ನಾಚಿಕೆಯಾಯಿತು. ಸರ್ ಕಪ್ಪುಹಲಗೆಯ ಮೇಲೆ ಬರೆದರು, ಇದು ಕಣದ ಪೊರೆ, ಪೊರೆಯ ಕೆಳಗೆ ಸ್ಪೆಕ್ಟ್ರಿನ್ ಎಂಬ ಉದ್ದ ಎಳೆಗಳ ಬಲೆ, ಎಳೆಗಳ ತುದಿಗಳು ಕೂಡುವಲ್ಲಿ ಆಕ್ಟಿನ್‌ನ ಚಿಕ್ಕ ಕಡ್ಡಿ, ಬಲೆಯನ್ನು ಪೊರೆಗೆ ಹಿಡಿದು ಕಟ್ಟುವುದು ಆಂಕಿರಿನ್, ಅದರ ಒಂದು ಕೈ ಬಲೆಯಲ್ಲಿ, ಇನ್ನೊಂದು ಕೈ ಪೊರೆಯಲ್ಲಿ ನಾಟಿಕೊಂಡ ಪ್ರೋಟೀನಿನಲ್ಲಿ, ಈ ಕಟ್ಟು ಸಡಿಲಾದರೆ ಪೊರೆ ಚೂರುಚೂರಾಗಿ ಉದುರುತ್ತದೆ, ಉಳಿದದ್ದು ಮುದುರಿ ಗುಂಡಾಗುತ್ತದೆ, ರಕ್ತ ಸೋಸುವ ಗುಲ್ಮದ ಸಂದಿಯಲ್ಲಿ ನುಸುಳಲಾಗದೆ ಸಿಕ್ಕಿಬಿದ್ದು ಸಾಯುತ್ತದೆ, ಸತ್ತ ಕಣದ ಬಣ್ಣವೇ ಕಣ್ಣಿನ ಹಳದಿ. ಸರ್ ಬರೆಯುತ್ತಲೇ ಇದ್ದರು, ನಾನು ಸೀದಾ ಎದ್ದು ನಿಂತುಬಿಟ್ಟೆ, ಸರ್, ಇದು ಗಾದಿ! ಅರಳೆ ಹಿಂಜಿ ತುಂಬಿ ಗಂಟು ಹಾಕದೆ ಬಿಟ್ಟರೆ ಗಾದಿ ನಾಲ್ಕು ದಿನಕ್ಕೆ ಗುಂಡುಗಟ್ಟುತ್ತದೆ, ಮೇಲಿನ ಬಟ್ಟೆಯನ್ನೂ ಒಳಗಿನ ಅರಳೆಯನ್ನೂ ಹಿಡಿದು ಗೇಣಿಗೊಂದು ಗಂಟು ಹಾಕಿದರೇನೇ ಅದು ಚಪ್ಪಟೆ ಉಳಿಯುವುದು, ಸರ್ ಸೀಮೆಸುಣ್ಣ ಕೆಳಗಿಟ್ಟು ನಕ್ಕರು, ಹೌದಲ್ಲಮ್ಮ.

ಅವ್ವನಿಗೆ ಅದನ್ನೇ ಹೇಳಿದೆ, ನಿನ್ನ ರಕ್ತದೊಳಗೆ ಗಂಟು ಸಡಿಲ ಅದಾವವ್ವ, ಅದಕ್ಕೇ ಗುಂಡಾಗಿ ಒಡೀತಾವೆ, ಅವ್ವನಿಗೆ ಆ ಕ್ಷಣವೇ ಅರ್ಥವಾಯಿತು, ಅತಿಯಾಗಿಯೇ ಅರ್ಥವಾಯಿತು, ಆಪರೇಷನ್ ದಿನ ಬೆಳಿಗ್ಗೆ ಸೆರಗಿನ ಗಂಟು ಬಿಚ್ಚಿ ಗಾದಿ ಹೊಲಿಯುವ ದಬ್ಬಣ, ಮೇಣ ಸವರಿದ ದಾರ ತೆಗೆದು ಸರ್ಜನ್ ಮುಂದೆ ಹಿಡಿದಳು, ತಗೋರಿ ಸಾಹೇಬ್ರ, ಕುದಿಸೀನಿ, ನಿಮ್ಮ ಸಣ್ಣ ಸೂಜಿ ತಡಿಯಂಗಿಲ್ಲ, ಗಂಟು ಮಾತ್ರ ಎರಡು ಸುತ್ತು ಹಾಕ್ರಿ — ನಾನು ನೆಲದಲ್ಲಿ ಹೂತುಹೋದೆ, ಅವ್ವ, ಅವ್ರು ಹೊಲಿಯಲ್ಲ, ಗುಲ್ಮ ತೆಗೀತಾರೆ, ಗಂಟು ಯಾರ ಕೈಲೂ ಹಾಕೋಕಾಗಲ್ಲ, ಗುಂಡು ಕಣ ಗುಂಡಾಗಿಯೇ ಇರ್ತಾವೆ, ಸಾಯೋದು ತಪ್ಪುತ್ತೆ ಅಷ್ಟೇ, ಅವ್ವ ನೆಲ ನೋಡುತ್ತಾ ಅಂದಳು, ಹೊಲಿಯಂಗಿಲ್ಲ ಅಂದ್ರೆ ಇವರೆಂಥ ಡಾಕ್ಟ್ರು. ಸರ್ಜನ್ ದೇವರಂಥ ಮನುಷ್ಯ, ದಬ್ಬಣವನ್ನು ಎರಡೂ ಕೈಯಲ್ಲಿ ತಗೊಂಡರು, ಇರ್ಲಿ ಬಿಡ್ರಿ, ಬೇಕಾದ್ರೆ ಇದನ್ನೇ ಬಳಸ್ತೀನಿ.

ಇಳಿದೆ, ಜಟಕಾ ಬೇಡ, ಓಡುತ್ತೇನೆ, ಬೆಣ್ಣೆದೋಸೆಯ ವಾಸನೆ, ತಿನ್ನಲ್ಲ, ಈಗ ಬೇಡ, ಸೀನಲಿಲ್ಲ, ಮೆಟ್ಟಿಲು, ಫಿನಾಯಿಲ್ ವಾಸನೆ, ಸೀನಲಿಲ್ಲ, ಬಾಗಿಲಲ್ಲಿ ಸರ್, ಮೂಗು ತೋರಿಸ್ರಿ, ತೋರಿಸಿದೆ, ಹೋಗ್ರಿ, ಯಾಕೆ ನಗುತ್ತಿದ್ದಾರೆ, ಉದ್ದ ವಾರ್ಡು, ಕೊನೆಯ ಮಂಚ, ಅವ್ವ ನನಗೆ ಬೆನ್ನು ಮಾಡಿ ಕೂತು ನರ್ಸಮ್ಮನಿಗೆ ಬೈಯುತ್ತಿದ್ದಾಳೆ, ಇದು ಗಾದಿಯೇನ್ರಿ, ಗಂಟೆಲ್ಲ ಕಿತ್ತು ಬಂದಾವೆ, ಯಾವನು ಹೊಲಿದವನು, ಧ್ವನಿ ಎಷ್ಟು ಗಟ್ಟಿ! ಅವ್ವಾ ಅಂದೆ, ಅಂದೆನಾ, ನರ್ಸಮ್ಮ ನನ್ನ ಕಡೆ ಕೈ ತೋರಿಸಿದರು, ಅವ್ವ ತಿರುಗಿದಳು, ಈಗ ನೆಲ ನೋಡುತ್ತಾಳೆ, ಈಗ ನೋಡುತ್ತಾಳೆ, ನೆಲ ನೋಡಲಿಲ್ಲ, ಬಂದ್ಯಾ ನನ್ನವ್ವ, ಎಷ್ಟು ಸೊರಗೀಯಾ, ಬೆಳಕಿಗೆ ಬಾ ನೋಡೋಣ — ಬೆಳ್ಳಗೆ, ಎರಡೂ ಬೆಳ್ಳಗೆ, ನೆಲವನ್ನಲ್ಲ ನನ್ನನ್ನು, ಅವ್ವ ನನ್ನನ್ನು ನೋಡುತ್ತಿದ್ದಾಳೆ, ರೆಪ್ಪೆ ಬಡಿಯದೆ, ನನ್ನನ್ನೇ, ಅವ್ವನ ಕಣ್ಣು, ನನ್ನನ್ನೇ —